ಬೀಗ ಬಿದ್ದ ಮನೆಗಳ ಊರಿಗೆ ಜನ ಬಂದದ್ದು

ಊರಿಗೆ ಹೊಸಬರನ್ನು ಕರೆತರಬೇಕು ಎಂದು ನಾವು ಕೆಲವರು ಓಡಾಡಲು ಶುರು ಮಾಡಿದಾಗ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ‘ಇಲ್ಲಿಗೆ ಯಾರು ಬರ್ತಾರೆ?’ ಬರುವವರು ಇದ್ದರು. ಅವರಿಗೆ ಮನೆ ಇರಲಿಲ್ಲ. ಬೀದಿಗೆ ನಾಲ್ಕೈದು ಮನೆಗೆ ಬೀಗ ಬಿದ್ದಿತ್ತು, ಆದರೆ ಬಾಡಿಗೆಗೆ ಒಂದೂ ಸಿಗುತ್ತಿರಲಿಲ್ಲ. ಊರು ಕಟ್ಟುವುದು ಅಂದರೆ ಮುಕ್ಕಾಲು ಪಾಲು ಈ ಬೀಗ ತೆಗೆಸುವ ಕೆಲಸವೇ. ಪೋಸ್ಟರು, ವಿಡಿಯೋ, ಸ್ವಾಗತ ಕಮಾನು ಎಲ್ಲ ಆಮೇಲಿನ ಮಾತು.

ಮೊದಲು ಒಂದು ನೋಟ್‌ಬುಕ್ ಹಿಡಿದು ಮನೆ ಮನೆ ಪಟ್ಟಿ ಮಾಡಿದೆವು. ಮಾಡು ಸೋರುತ್ತದೆಯೇ, ನೀರು ಎಲ್ಲಿಂದ, ಶೌಚಾಲಯ ಇದೆಯೇ, ಕೀಲಿಕೈ ಯಾರ ಹತ್ತಿರ, ಪಾಲುದಾರರು ಎಷ್ಟು ಜನ. ಕೊನೆಯ ಎರಡು ಪ್ರಶ್ನೆಗೆ ಉತ್ತರ ಯಾವ ದಾಖಲೆಯಲ್ಲೂ ಇರುವುದಿಲ್ಲ. ಊರಿನ ಹಿರಿಯರನ್ನೇ ಕೇಳಬೇಕು. ಯಾವ ಅಣ್ಣ ಯಾವ ತಮ್ಮನ ಜೊತೆ ಮಾತು ಬಿಟ್ಟಿದ್ದಾನೆ ಎನ್ನುವುದು ಅವರಿಗೇ ಗೊತ್ತು.

ಮಾಲೀಕರು ದುಡ್ಡಿನ ಕಾರಣಕ್ಕೆ ‘ಇಲ್ಲ’ ಅನ್ನುವುದು ಕಡಿಮೆ. ಒಳಗೆ ಅಮ್ಮನ ಟ್ರಂಕು ಇದೆ, ಅಪ್ಪನ ಫೋಟೋ ಇದೆ. ಬಾಡಿಗೆಗೆ ಬಂದವರು ಏಳದಿದ್ದರೆ ಏನು ಗತಿ ಎನ್ನುವ ಹೆದರಿಕೆ ಇದೆ. ಊರಲ್ಲಿ ನಮ್ಮದೂ ಒಂದು ಮನೆ ಇದೆ ಎಂದು ಹೇಳಿಕೊಳ್ಳುವ ಸಮಾಧಾನವೂ ಇದೆ, ಅದನ್ನು ಸಣ್ಣದು ಅನ್ನಬಾರದು. ಫೋನಿನಲ್ಲಿ ಕೇಳಿದರೆ ಎಲ್ಲರೂ ‘ನೋಡೋಣ’ ಅನ್ನುತ್ತಾರೆ. ಹಬ್ಬಕ್ಕೋ ಮದುವೆಗೋ ಊರಿಗೆ ಬಂದಾಗ ಅದೇ ಮನೆಯ ಜಗಲಿಯಲ್ಲಿ ಕೂತು ಮಾತಾಡಿದಾಗ ಮಾತ್ರ ಕೆಲಸ ಮುಂದೆ ಹೋಯಿತು.

ನಾವು ಕೊಟ್ಟ ಭರವಸೆಗಳು ಸರಳವಾಗಿದ್ದವು. ಒಂದು ಕೋಣೆ ನಿಮ್ಮದೇ, ನಿಮ್ಮದೇ ಬೀಗ, ಬಂದಾಗ ಅಲ್ಲೇ ಉಳಿಯಬಹುದು. ಅವಧಿ ಬರೆದ ಕರಾರು ಇರುತ್ತದೆ. ಊರಿನ ಸಮಿತಿ ನಡುವೆ ನಿಲ್ಲುತ್ತದೆ, ತಕರಾರು ಬಂದರೆ ನಮ್ಮ ಬಾಗಿಲಿಗೆ ಬನ್ನಿ. ಬಂದವರು ರಿಪೇರಿಗೆ ಹಾಕಿದ ಹಣ ಬಾಡಿಗೆಯಲ್ಲಿ ವಜಾ. ಪಾಲುದಾರರಲ್ಲಿ ಒಬ್ಬರು ಸಹಿ ಹಾಕದಿದ್ದರೂ ಆ ಮನೆಯ ತಂಟೆಗೆ ಹೋಗಲಿಲ್ಲ. ಎಷ್ಟೇ ಚೆಂದದ ಮನೆಯಾಗಿರಲಿ, ಅಣ್ಣತಮ್ಮಂದಿರ ಜಗಳದೊಳಗೆ ಹೊಸ ಸಂಸಾರವನ್ನು ಕೂರಿಸಬಾರದು.

ಖಾಲಿ ಮನೆ ಅಂದರೆ ಜಪಾನ್ ನೋಡಬೇಕು. 2023ರ ಸಮೀಕ್ಷೆಯಲ್ಲಿ ಅಲ್ಲಿ ಸುಮಾರು 90 ಲಕ್ಷ ಮನೆಗಳು ಖಾಲಿ ಇದ್ದವು, ಒಟ್ಟು ಮನೆಗಳಲ್ಲಿ ಶೇ 13.8. ಖಾಲಿ ಮನೆಗಳ ಪಟ್ಟಿಯನ್ನು ಸ್ಥಳೀಯ ಆಡಳಿತಗಳೇ ಇಟ್ಟುಕೊಂಡು ಬೇಕಾದವರಿಗೆ ತೋರಿಸುತ್ತವೆ. ಆದರೆ ನಮಗೆ ದಾರಿ ತೋರಿಸಿದ್ದು ತೊಕುಶಿಮಾ ಪ್ರಾಂತ್ಯದ ಕಾಮಿಯಾಮಾ ಎನ್ನುವ ಬೆಟ್ಟದ ಊರು. ಅಲ್ಲಿನ ಗುಂಪು ‘ಯಾರಾದರೂ ಬನ್ನಿ’ ಎಂದು ಕೂಗಲಿಲ್ಲ. ಈ ಮನೆಗೆ ಬ್ರೆಡ್ ಮಾಡುವವರು ಬೇಕು, ಆ ಮನೆಗೆ ವಿನ್ಯಾಸಕಾರರು ಬೇಕು ಎಂದು ಕೆಲಸ ಹೆಸರಿಸಿ ಕರೆಯಿತು. ಜನ ಕಡಿಮೆಯಾಗುವುದನ್ನು ಒಪ್ಪಿಕೊಂಡೇ, ಇರುವವರಲ್ಲಿ ಎಳೆಯರು, ಕಸುಬುಳ್ಳವರು ಇರಲಿ ಎನ್ನುವುದು ಅವರ ಲೆಕ್ಕ. 2011ರಲ್ಲಿ ಊರು ಬಿಟ್ಟವರಿಗಿಂತ ಬಂದವರು ಜಾಸ್ತಿಯಾದರು.

ನಾವೂ ಹಾಗೇ ಮಾಡಿದೆವು. ಹೊಲಿಗೆ ಬಲ್ಲವರು, ಪಂಪು ಮೋಟಾರು ರಿಪೇರಿ ಮಾಡುವವರು, ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿರುವವರು. ಕೊನೆಯದನ್ನು ಮುಚ್ಚುಮರೆಯಿಲ್ಲದೆ ಹೇಳಿದೆವು. ಶಾಲೆ ಮುಚ್ಚಿದರೆ ಉಳಿದಿರುವ ಮನೆಗಳಿಗೂ ಬೀಗ ಬೀಳುತ್ತದೆ, ಅಲ್ವಾ? ಮತ್ತೊಂದು ಷರತ್ತು: ಒಪ್ಪಂದಕ್ಕೆ ಮುಂಚೆ ಊರಿನ ಅತಿ ಕೆಟ್ಟ ಕಾಲದಲ್ಲಿ ಬಂದು ಕೆಲವು ವಾರ ಇದ್ದು ಹೋಗಿ. ಹಸಿರು ನೋಡಿ ಮನಸೋತವರು ಕರೆಂಟು ಹೋದ ನಾಲ್ಕನೇ ದಿನ ಬೇರೆಯೇ ಮನುಷ್ಯರಾಗಿರುತ್ತಾರೆ.

ಕಾಮಿಯಾಮಾದ ಕಥೆಯಲ್ಲಿ ನನಗೆ ಹಿಡಿಸಿದ್ದು ಅದರ ಮೊದಲ ಭಾಗ. 1927ರಲ್ಲಿ ಅಮೆರಿಕದ ಮಕ್ಕಳು ಸ್ನೇಹಕ್ಕೆಂದು ಜಪಾನಿನ ಶಾಲೆಗಳಿಗೆ ಸಾವಿರಾರು ಗೊಂಬೆ ಕಳಿಸಿದ್ದರು. ಅದರಲ್ಲೊಂದು ಕಾಮಿಯಾಮಾದ ಶಾಲೆಯಲ್ಲಿ ಉಳಿದಿತ್ತು. ಅದೇ ಊರಿನ ಒಮಿನಾಮಿ ಶಿನ್ಯಾ ಮತ್ತು ಗೆಳೆಯರು 1991ರಲ್ಲಿ ಅದನ್ನು ಅದರ ತವರೂರಿಗೆ ಕರೆದುಕೊಂಡು ಹೋಗಿ ಬಂದರು. ಅಷ್ಟೇ, ಲಾಭದ ಮಾತೇ ಇಲ್ಲ. 1999ರಲ್ಲಿ ದೇಶ ವಿದೇಶದ ಕಲಾವಿದರನ್ನು ಕರೆಸಿ ಊರಲ್ಲಿ ಇರಿಸಿಕೊಳ್ಳುವುದು ಶುರುವಾಯಿತು. 2010ರಿಂದ ಐಟಿ ಕಂಪನಿಗಳು ಹಳೆ ಮನೆಗಳಲ್ಲಿ ಕಚೇರಿ ತೆರೆದವು. ಎಲ್ಲರಿಗೂ ಕಾಣುವುದು ಕಂಪನಿಗಳು. ಅದಕ್ಕೆ ಮುಂಚೆ ಸುಮಾರು ಇಪ್ಪತ್ತು ವರ್ಷ ಊರಿನವರು ಒಟ್ಟಿಗೆ ಏನೇನೋ ಮಾಡಿ ಪಳಗಿದ್ದರು.

ಹೆಗ್ಗೋಡಿನಲ್ಲೂ ಹಾಗೇ. ಅಲ್ಲಿನ ನಾಟಕ ಸಂಸ್ಥೆ ನೀನಾಸಂ ಹುಟ್ಟಿದ್ದು 1949ರಲ್ಲಿ, ನಾಟಕ ಕಲಿಸುವ ಶಾಲೆ ಬಂದದ್ದು 1980ರಲ್ಲಿ. ಹೊರಗಿನ ವಿದ್ಯಾರ್ಥಿಗಳು ಬರುವ ಹೊತ್ತಿಗೆ ಊರಿಗೆ ನಾಟಕ ಆಡಿ, ನೋಡಿ, ಜಗಳವಾಡಿ ಮೂವತ್ತು ವರ್ಷದ ಅಭ್ಯಾಸವಿತ್ತು.

ನಮ್ಮಲ್ಲಿ ಎಂದೋ ನಿಂತುಹೋಗಿದ್ದ ಊರ ನಾಟಕವನ್ನು ಮತ್ತೆ ಶುರು ಮಾಡಲು ಇದೇ ಕಾರಣ. ನಾಟಕದ ರಾತ್ರಿಗಿಂತ ಅದರ ಹಿಂದಿನ ವಾರಗಳೇ ದೊಡ್ಡವು. ಪ್ರ್ಯಾಕ್ಟೀಸಿಗೆ ಎಲ್ಲರೂ ಬೇಕು: ಪಾತ್ರಕ್ಕೆ, ಹಿಂದಿನಿಂದ ಮಾತು ಹೇಳಿಕೊಡಲು, ಬಟ್ಟೆ ಹೊಲಿಯಲು, ಲೈಟಿಗೆ, ಮಕ್ಕಳನ್ನು ಸುಮ್ಮನಿರಿಸಲು. ಮಾತಾಡಲು ಹಿಂಜರಿಯುತ್ತಿದ್ದ ಹೊಸ ಹೆಂಗಸೊಬ್ಬರು ವೇಷಕ್ಕೆ ಹೊಲಿಗೆ ಹಾಕುತ್ತಾ ಊರಿನ ಅಷ್ಟೂ ಜನರ ಅಳತೆ ತಿಳಿದುಕೊಂಡರು, ಎರಡೂ ಅರ್ಥದಲ್ಲಿ! ಹಳೆ ಹಾಡುಗಳು ಇಬ್ಬರು ಅಜ್ಜಿಯರಿಗೆ ಮಾತ್ರ ಬರುತ್ತಿದ್ದವು. ಕಲಿಯಲು ಮೊದಲು ಕೂತವರು ಹೊರಗಿನವರು. ಅದನ್ನು ನೋಡಿ ಊರಿನ ಹುಡುಗಿಯರು ಬಂದರು. ‘ನಮ್ಮ ಹಾಡು ಅವರು ಹೇಳೋದಾ?’ ಎನ್ನುವ ಸಣ್ಣ ಹೊಟ್ಟೆಕಿಚ್ಚು ಒಳ್ಳೆಯದನ್ನೇ ಮಾಡಿತು.

ಜಗಳವೂ ಆಗುತ್ತದೆ. ಮೈಕಿನ ಸದ್ದು, ಬೀದಿನಾಯಿ, ಎಲ್ಲೆಂದರಲ್ಲಿ ಗಾಡಿ ನಿಲ್ಲಿಸುವುದು. ಇವೆಲ್ಲ ಮಾತಿನಲ್ಲಿ ಮುಗಿಯುತ್ತವೆ. ನಿಜವಾದ ಕಷ್ಟ ಎರಡು. ಒಂದು, ಊರಿಗೆ ಜೀವ ಬಂತು ಎಂಬ ಸುದ್ದಿ ಹರಡಿದೊಡನೆ ಜಾಗ ಕೊಂಡು ಬೇಲಿ ಹಾಕಿ ವರ್ಷಕ್ಕೊಮ್ಮೆ ಬರುವವರು. ಹಳೆ ಬೀಗ ತೆಗೆಸಿ ಹೊಸ ಬೀಗ ಹಾಕಿಸಿಕೊಂಡಂತೆ ಅದು. ಅದಕ್ಕೇ ಮಾರಾಟದ ವ್ಯವಹಾರಕ್ಕೆ ಸಮಿತಿ ಕೈ ಹಾಕುವುದಿಲ್ಲ, ಬಾಡಿಗೆಗೆ ಮಾತ್ರ. ಎರಡನೆಯದನ್ನು ಪಟ್ಟಣದಿಂದ ವಾಪಸು ಬಂದ ನಮ್ಮೂರ ಹುಡುಗನೇ ಸಭೆಯಲ್ಲಿ ಎದ್ದು ನಿಂತು ಹೇಳಿದ: ‘ಹೊರಗಿನವರು ಬಂದರೆ ಆರತಿ ಎತ್ತುತ್ತೀರಿ. ನಾನು ಬಂದರೆ ಸೋತು ಬಂದ ಅಂತೀರಿ.’ ಯಾರೂ ಮಾತಾಡಲಿಲ್ಲ. ಈಗ ಮನೆ, ರಿಪೇರಿ, ಕೆಲಸ ಹುಡುಕಿಕೊಡುವುದು ಎಲ್ಲದರಲ್ಲೂ ವಾಪಸು ಬರುವವರಿಗೆ ಮೊದಲ ಪಾಲು. ಆ ಹುಡುಗನೇ ಈಗ ಪಟ್ಟಿ ನೋಡಿಕೊಳ್ಳುತ್ತಾನೆ.

ಸಮಿತಿಯ ಬಗ್ಗೆ ಒಂದು ಮಾತು. ಇಟಲಿಯ ರಿಯಾಚೆ ಎನ್ನುವ ಊರಿನ ದಡಕ್ಕೆ 1998ರಲ್ಲಿ ಕುರ್ದಿಶ್ ನಿರಾಶ್ರಿತರ ದೋಣಿ ಬಂದಿತ್ತು. ವಲಸೆ ಹೋದವರ ಖಾಲಿ ಮನೆಗಳನ್ನು ನಿರಾಶ್ರಿತರಿಗೆ ತೆರೆದ ಊರು ಚೇತರಿಸಿಕೊಂಡಿತು, ನೇಯ್ಗೆ, ಮಡಕೆಯ ಕೆಲಸಗಳು ಮತ್ತೆ ಶುರುವಾದವು. ಇದರ ಬೆನ್ನೆಲುಬಾಗಿದ್ದ ಮೇಯರ್ ಮಿಮ್ಮೊ ಲುಕಾನೊ ಅಕ್ರಮ ವಲಸೆಗೆ ನೆರವಾದ ಆರೋಪದ ಮೇಲೆ 2018ರಲ್ಲಿ ಬಂಧನಕ್ಕೊಳಗಾದರು, ಆಮೇಲೆ ಜೈಲು ಶಿಕ್ಷೆಯೂ ಆಯಿತು. 2023ರ ಮೇಲ್ಮನವಿಯಲ್ಲಿ ಅವರ ಶಿಕ್ಷೆ ಬಹಳ ಕಡಿಮೆಯಾಯಿತು. ಆದರೆ ಅಷ್ಟರಲ್ಲಿ ಸರ್ಕಾರದ ಹಣ ನಿಂತು, ಬಂದವರಲ್ಲಿ ಬಹಳ ಮಂದಿ ಊರು ಬಿಟ್ಟಿದ್ದರು. ಒಬ್ಬರ ಹೆಗಲು, ಒಂದೇ ಕಡೆಯ ಹಣ, ಎರಡೂ ಅಪಾಯ. ನಮ್ಮಲ್ಲಿ ಯಾರೂ ಎರಡು ವರ್ಷಕ್ಕಿಂತ ಜಾಸ್ತಿ ಅಧ್ಯಕ್ಷರಾಗಿ ಇರುವಂತಿಲ್ಲ, ನಾನೂ ಇಳಿದಿದ್ದೇನೆ. ಹೊಸಬರಿಗೆ ಮೊದಲ ವರ್ಷ ಸಮಿತಿಯಲ್ಲಿ ಜಾಗವಿಲ್ಲ, ಎರಡನೇ ವರ್ಷ ಕಡ್ಡಾಯ.

ಬಿಟ್ಟು ಹೋದವರೂ ಇದ್ದಾರೆ. ಹೋಗುವಾಗ ಕಾರಣ ಕೇಳಿ ಅದೇ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇವೆ. ಜಾಸ್ತಿ ಸಲ ಬಂದಿರುವ ಉತ್ತರ ಆಸ್ಪತ್ರೆ ದೂರ ಎನ್ನುವುದು. ಸಮಿತಿಯ ಮುಂದೆ ಈಗಿರುವ ಕೆಲಸ ಅದು: ರಾತ್ರಿ ಹೊತ್ತಿಗೆ ಒಂದು ಗಾಡಿ, ಅದನ್ನು ಓಡಿಸಲು ಸರದಿಯಲ್ಲಿ ನಾಲ್ಕು ಜನ. ಮೂವರು ಸಿಕ್ಕಿದ್ದಾರೆ.