ಚಿಪ್‌ಗಿಂತ ಮೊದಲೇ ಹಾಕಿಸಿದ್ದ ಲಸಿಕೆ: ತೊಡಕು ಬಿಡಿಸಿದ ಬಗೆ

ನಾಯಿಯನ್ನು ವಿಮಾನದಲ್ಲಿ ಯುರೋಪಿಯನ್ ಒಕ್ಕೂಟಕ್ಕೆ ಕರೆದೊಯ್ಯಲು ಕಾಗದಪತ್ರ ಜೋಡಿಸುವಾಗ ತೊಡಕು ಕಂಡಿತು. ರೇಬೀಸ್ ಲಸಿಕೆಯ ತಾರೀಖು ಮೊದಲು, ಗುರುತಿಗಾಗಿ ಚರ್ಮದಡಿ ಇಡಿಸಿದ ಮೈಕ್ರೋಚಿಪ್ಪಿನದು ಆಮೇಲೆ. ಚಿಪ್‌ಗಿಂತ ಮುಂಚಿನ ಲಸಿಕೆ ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಚುಚ್ಚಿದ್ದು ಇದೇ ಪ್ರಾಣಿಗೆ ಎನ್ನಲು ಗುರುತು ಬೇಕಲ್ಲ.

ದಾಖಲೆ ತಿದ್ದಿಸುವ ಗೋಜು ಬೇಡವೆಂದು ಹೊಸದಾಗಿ ಶುರುಮಾಡಿದೆವು. ಚಿಪ್ ಸ್ಕ್ಯಾನ್ ಮಾಡಿಸಿ, ಅದರ 15 ಅಂಕಿಯ ಸಂಖ್ಯೆಯನ್ನು ಲಸಿಕೆ ಪುಸ್ತಕದಲ್ಲಿ ಬರೆಸಿ, ಆಮೇಲೆ ಮತ್ತೆ ಲಸಿಕೆ. ನಾವು ಹೊರಡುವ ದೇಶ, ರಕ್ತಪರೀಕ್ಷೆಯಿಂದ ಒಕ್ಕೂಟ ಕೊಡುವ ವಿನಾಯಿತಿಯ ಪಟ್ಟಿಯಲ್ಲಿರಲಿಲ್ಲ. ಹಾಗಾಗಿ ಲಸಿಕೆಯಾಗಿ ಕನಿಷ್ಠ 30 ದಿನ ಕಳೆದ ಮೇಲೆ ರಕ್ತ ತೆಗೆಸಿ, ಒಕ್ಕೂಟ ಒಪ್ಪಿದ ಪ್ರಯೋಗಾಲಯಕ್ಕೇ ಕಳಿಸಬೇಕಾಯಿತು. ಲಸಿಕೆಯಿಂದ ರಕ್ತದಲ್ಲಿ ಹುಟ್ಟುವ, ರೇಬೀಸ್ ತಡೆಯುವ ಪ್ರತಿಕಾಯದ ಮಟ್ಟ ಮಿಲಿಲೀಟರಿಗೆ 0.5 ಐಯು (ಅಂತರರಾಷ್ಟ್ರೀಯ ಅಳತೆಯ ಘಟಕ) ಅಥವಾ ಹೆಚ್ಚಿರಬೇಕು. ನಮ್ಮದು ಆರಾಮವಾಗಿ ದಾಟಿತು.

ಕಷ್ಟವಾದದ್ದು ಕಾಯುವುದು. ರಕ್ತ ತೆಗೆದ ದಿನದಿಂದ 3 ತಿಂಗಳು ಪ್ರವೇಶವಿಲ್ಲ. ಟಿಕೆಟ್ ಮುಂದೂಡಿ, ಆ ಸಮಯವನ್ನೆಲ್ಲ ಪಂಜರದ ಅಭ್ಯಾಸಕ್ಕೆ ಕೊಟ್ಟೆವು: ಊಟ ಅದರೊಳಗೇ, ನಿದ್ದೆಯೂ ಅಲ್ಲೇ. ಎದ್ದು ನಿಲ್ಲಲು, ತಿರುಗಲು, ಕಾಲು ಚಾಚಲು ಜಾಗವಿರುವ ಪಂಜರವನ್ನೇ ಆರಿಸಿ. ನಿದ್ದೆಮಾತ್ರೆ ಖಂಡಿತ ಬೇಡ, ಹಾರಾಟದಲ್ಲಿ ಉಸಿರಾಟಕ್ಕೆ ಅಪಾಯ.

ಆರೋಗ್ಯ ಪ್ರಮಾಣಪತ್ರ ಮಾತ್ರ ಕೊನೆಗೆ ಮಾಡಿಸಿ. ಸರ್ಕಾರಿ ಪಶುವೈದ್ಯರು ಸಹಿ ಹಾಕಿದ 10 ದಿನದೊಳಗೆ ಅಲ್ಲಿಗೆ ತಲುಪಬೇಕು. ಇಳಿದ ಮೇಲೆ ಚಿಪ್ ಓದಿ, ಪತ್ರದ ಸಂಖ್ಯೆಗೆ ತಾಳೆ ನೋಡಿ ಬಿಟ್ಟರು.