ಗೀಸರ್ ನಿಧಾನಕ್ಕೆ ಕಾಯುತ್ತಿದೆಯೇ? ಕಾಯಿಲ್ ಬದಲಿಸುವ ಮೊದಲು ಇಷ್ಟು ನೋಡಿ

ಚಳಿ ಶುರುವಾದರೆ ಸಾಕು, ಗೀಸರ್ ರಿಪೇರಿ ಮಾಡುವವರಿಗೆ ಬಿಡುವೇ ಇರುವುದಿಲ್ಲ. ದೂರು ಹೆಚ್ಚುಕಡಿಮೆ ಒಂದೇ: ‘ಮೊದಲು ಇಪ್ಪತ್ತು ನಿಮಿಷಕ್ಕೆ ನೀರು ಕಾಯ್ತಿತ್ತು, ಈಗ ಮುಕ್ಕಾಲು ಗಂಟೆ ಆದರೂ ಉಗುರು ಬೆಚ್ಚಗೇ ಇರುತ್ತೆ.’ ಉತ್ತರವೂ ಒಂದೇ: ‘ಕಾಯಿಲ್ ಹೋಗಿದೆ, ಹೊಸದು ಹಾಕಬೇಕು.’

ದುಡ್ಡು ಕೊಡುವ ಮೊದಲು ಒಂದು ಮಾತು ತಿಳಿದಿರಲಿ. ಕಾಯಿಲ್ ಅರ್ಧಂಬರ್ಧ ಹಾಳಾಗುವುದು ತೀರಾ ಅಪರೂಪ. ಒಳಗಿನ ನೈಕ್ರೋಮ್ ತಂತಿ ತುಂಡಾದರೆ ನೀರು ಒಂಚೂರೂ ಕಾಯುವುದಿಲ್ಲ. ಕಾಯಿಲ್‌ನ ಮೈ ಒಡೆದು ನೀರು ಒಳಹೊಕ್ಕರೆ ಎಂಸಿಬಿ ಬೀಳುತ್ತದೆ, ಇಲ್ಲವೇ ನಲ್ಲಿ ಮುಟ್ಟಿದರೆ ಶಾಕ್ ಹೊಡೆಯುತ್ತದೆ. ನೀರು ಕಾಯುತ್ತಿದೆ, ಆದರೆ ತಡವಾಗಿ ಅಂದರೆ ಕಾರಣ ಬೇರೆಲ್ಲೋ ಇರುತ್ತದೆ. ಅದನ್ನು ಸ್ಕ್ರೂ ಬಿಚ್ಚದೆಯೇ ಅರ್ಧ ಪತ್ತೆ ಮಾಡಬಹುದು.

ಮೊದಲು ಲೆಕ್ಕ ಹಾಕಿ

ಗೀಸರ್ ಮೇಲಿನ ಸ್ಟಿಕರ್‌ನಲ್ಲಿ ಎಷ್ಟು ಲೀಟರ್, ಎಷ್ಟು ವ್ಯಾಟ್ ಅಂತ ಬರೆದಿರುತ್ತದೆ. ಮನೆಗಳಲ್ಲಿರುವ 15 ಮತ್ತು 25 ಲೀಟರ್ ಗೀಸರ್‌ಗಳಿಗೆ ಸಾಮಾನ್ಯವಾಗಿ 2000 ವ್ಯಾಟ್ ಕಾಯಿಲ್ ಇರುತ್ತದೆ. 25 ಡಿಗ್ರಿಯ ನೀರನ್ನು 60 ಡಿಗ್ರಿಗೆ ತರಲು 15 ಲೀಟರ್‌ಗೆ ಸುಮಾರು 18 ನಿಮಿಷ, 25 ಲೀಟರ್‌ಗೆ ಸುಮಾರು 30 ನಿಮಿಷ ಬೇಕು. ಡಿಸೆಂಬರ್ ಬೆಳಗ್ಗೆ ಟ್ಯಾಂಕ್ ನೀರೇ 18 ಡಿಗ್ರಿ ಇದ್ದರೆ ಇನ್ನೂ ನಾಲ್ಕಾರು ನಿಮಿಷ ಸೇರಿಸಿಕೊಳ್ಳಿ. 15 ಲೀಟರ್‌ನ ಹಳೆ ಗೀಸರ್ ತೆಗೆದು 25ರದ್ದು ಹಾಕಿಸಿಕೊಂಡು ‘ಹೊಸದು ಸರಿಯಿಲ್ಲ’ ಎನ್ನುವವರಿದ್ದಾರೆ. ಅಲ್ಲಿ ಕೆಟ್ಟಿರುವುದು ಏನೂ ಇಲ್ಲ.

ಮೀಟರ್ ಬೋರ್ಡ್ ಹತ್ತಿರ ಹೋಗಿ

ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ಪರೀಕ್ಷೆ. ಪೈಸೆ ಖರ್ಚಿಲ್ಲ, ಅಪಾಯವೂ ಇಲ್ಲ. ಮನೆಯ ಫ್ರಿಜ್, ಫ್ಯಾನ್, ಲೈಟು, ಯುಪಿಎಸ್ ಎಲ್ಲ ಆಫ್ ಮಾಡಿ ಗೀಸರ್ ಒಂದನ್ನೇ ಹಾಕಿ. ಎಲೆಕ್ಟ್ರಾನಿಕ್ ಮೀಟರ್ ಮೇಲೆ ಒಂದು ಸಣ್ಣ ಕೆಂಪು ದೀಪ ಮಿನುಗುತ್ತಿರುತ್ತದೆ. ಒಂದು ಯೂನಿಟ್‌ಗೆ ಅದು ಎಷ್ಟು ಸಲ ಮಿನುಗಬೇಕು ಎನ್ನುವುದು ಮೀಟರ್ ಮೇಲೆಯೇ ಅಚ್ಚಾಗಿರುತ್ತದೆ. 3200 ಅಂತಿದ್ದರೆ, 2000 ವ್ಯಾಟ್ ಕಾಯಿಲ್‌ಗೆ ಹತ್ತು ಸೆಕೆಂಡಿಗೆ ಸುಮಾರು 18 ಸಲ ಮಿನುಗಬೇಕು. ಬೇರೆ ಸಂಖ್ಯೆ ಇದ್ದರೆ ಅದೇ ಅನುಪಾತದಲ್ಲಿ ಲೆಕ್ಕ ಹಾಕಿ. ಕಣ್ಣಿಗೆ ಎಣಿಸಲು ಆಗದಿದ್ದರೆ ಮೊಬೈಲ್‌ನಲ್ಲಿ ವಿಡಿಯೊ ಮಾಡಿ, ನಿಧಾನಕ್ಕೆ ಓಡಿಸಿ ನೋಡಿ.

ಹದಿನೇಳು ಹದಿನೆಂಟು ಬಂತಾ? ಕಾಯಿಲ್ ಚೆನ್ನಾಗಿದೆ. ಹನ್ನೊಂದೋ ಹನ್ನೆರಡೋ ಬಂದರೆ ವೋಲ್ಟೇಜ್ ಸಾಲುತ್ತಿಲ್ಲ ಅಂತ ಅರ್ಥ. ಇಲ್ಲಿ ಒಂದು ವಿಷಯ ಗಮನಿಸಿ. ವೋಲ್ಟೇಜ್ 230ರಿಂದ 180ಕ್ಕೆ ಇಳಿದರೆ ನೋಡಲು ಐದರಲ್ಲಿ ಒಂದು ಪಾಲು ಕಡಿಮೆ ಅನ್ನಿಸುತ್ತದೆ. ಆದರೆ ಕಾಯಿಲ್‌ನ ಶಕ್ತಿ 2000ದಿಂದ ಸುಮಾರು 1225 ವ್ಯಾಟ್‌ಗೆ ಕುಸಿಯುತ್ತದೆ. 18 ನಿಮಿಷದ ಕೆಲಸಕ್ಕೆ 30 ನಿಮಿಷ ಹಿಡಿಯುತ್ತದೆ. ಪಂಪ್‌ಸೆಟ್ ಓಡುವ ಹೊತ್ತಿಗೆ ಹಳ್ಳಿಗಳಲ್ಲಿ, ಬೆಳಗ್ಗೆ ಬೀದಿಗೆ ಬೀದಿಯೇ ಗೀಸರ್ ಹಾಕಿದಾಗ ಪಟ್ಟಣಗಳಲ್ಲಿ ಹೀಗಾಗುವುದುಂಟು. ಮಧ್ಯಾಹ್ನ ಹಾಕಿದಾಗ ಬೇಗ ಕಾಯುತ್ತದೆ ಎಂದಾದರೆ 1912ಕ್ಕೆ ಫೋನ್ ಮಾಡಿ ದೂರು ಕೊಡಿ. ಕಾಯಿಲ್ ಬದಲಿಸಿ ಪ್ರಯೋಜನವಿಲ್ಲ.

ಹಾಗೆಯೇ ಸಾಕೆಟ್ ಕಡೆಗೂ ಕಣ್ಣು ಹಾಯಿಸಿ. 2000 ವ್ಯಾಟ್‌ನ ಗೀಸರ್ ಒಂಬತ್ತು ಆಂಪಿಯರ್‌ನ ಹತ್ತಿರ ಕರೆಂಟ್ ಎಳೆಯುತ್ತದೆ. 16 ಆಂಪಿಯರ್‌ನ ದಪ್ಪ ಪಿನ್ನಿನ ಸಾಕೆಟ್ಟೇ ಬೇಕು. ಪ್ಲಗ್ ಸುತ್ತ ಕಂದುಬಣ್ಣಕ್ಕೆ ತಿರುಗಿದ್ದರೆ, ಸುಟ್ಟ ವಾಸನೆ ಇದ್ದರೆ ಅವತ್ತೇ ಬಳಸುವುದು ನಿಲ್ಲಿಸಿ, ಎಲೆಕ್ಟ್ರಿಷಿಯನ್ ಕರೆಸಿ. ನೀರು ತಡವಾಗಿ ಕಾಯುವುದಕ್ಕಿಂತ ದೊಡ್ಡ ತೊಂದರೆ ಅದು.

ಬಿಸಿನೀರಿಗೆ ತಣ್ಣೀರು ಬೆರೆಯುತ್ತಿದೆಯೇ?

ಮೀಟರ್ ಸರಿ ಹೇಳಿದರೂ ನೀರು ಬೆಚ್ಚಗೇ ಬಂದರೆ ಗೀಸರ್ ಕೆಳಗಿನ ತಣ್ಣೀರಿನ ವಾಲ್ವ್ ಮುಚ್ಚಿ, ಬಿಸಿನೀರಿನ ನಲ್ಲಿ ತಿರುಗಿಸಿ. ಸ್ವಲ್ಪ ಹೊತ್ತಿಗೆ ನೀರು ನಿಲ್ಲಬೇಕು. ಸುಮ್ನೆ ಬರುತ್ತಲೇ ಇದ್ದರೆ ಯಾವುದೋ ಮಿಕ್ಸರ್ ನಲ್ಲಿಯೊಳಗಿನಿಂದ ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗುತ್ತಿದೆ. ಪ್ಲಂಬಿಂಗ್ ಕೆಲಸ ಆದ ಮೇಲೆ ತೊಂದರೆ ಶುರುವಾಗಿದ್ದರೆ ಎರಡು ಪೈಪು ಅದಲು ಬದಲಾಗಿದೆಯಾ ಅಂತಲೂ ನೋಡಿ.

ಬಿಳಿ ಪದರದ ಕಥೆ

ಇನ್ನು ಉಳಿದಿದ್ದು ಬೋರ್‌ವೆಲ್ ನೀರು. ಕುಡಿಯುವ ನೀರಿನ ಭಾರತೀಯ ಮಾನಕ ಒಪ್ಪುವ ಗಡಸುತನ ಲೀಟರ್‌ಗೆ 200 ಮಿಲಿಗ್ರಾಂ. ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ. ಅದನ್ನೂ ಮೀರಿದ ಬೋರ್‌ವೆಲ್‌ಗಳು ನಮ್ಮಲ್ಲಿವೆ. ನೀರು ಕಾದಾಗ ಅದರಲ್ಲಿನ ಸುಣ್ಣ ಕಾಯಿಲ್ ಮೈಗೆ ಕಲ್ಲಿನಂತೆ ಅಂಟುತ್ತದೆ.

ಪದರ ಕೂತಿತು ಅಂತ ಕಾಯಿಲ್ ಎಳೆಯುವ ಕರೆಂಟ್ ಕಡಿಮೆಯಾಗುವುದಿಲ್ಲ. ಆಗುವುದೇ ಬೇರೆ. ಶಾಖ ನೀರಿಗೆ ಸುಲಭವಾಗಿ ಇಳಿಯದೆ ಕಾಯಿಲ್ ತಾನೇ ವಿಪರೀತ ಕಾಯುತ್ತದೆ. ನೀರು ಸಾಕಷ್ಟು ಕಾದಾಗ ಕರೆಂಟ್ ಕಡಿಯುವುದು ಥರ್ಮೋಸ್ಟ್ಯಾಟ್. ಪಕ್ಕದಲ್ಲೇ ಇರುವ ಅದರ ಕೊಳವೆಯೂ ಅದೇ ಸುಣ್ಣದಲ್ಲಿ ಹೂತುಹೋಗಿರುತ್ತದೆ. ನೀರಿನ ಬದಲು ಕಾಯಿಲ್‌ನ ಬಿಸಿ ಅದಕ್ಕೆ ತಟ್ಟುತ್ತದೆ. ಐದಾರು ನಿಮಿಷಕ್ಕೆ ಕರೆಂಟ್ ಕಡಿಯುತ್ತದೆ, ತಣಿದ ಮೇಲೆ ಮತ್ತೆ ಕೊಡುತ್ತದೆ. ಹಾಗಾಗಿ ನೀರು ಇನ್ನೂ ಬೆಚ್ಚಗಿರುವಾಗಲೇ ಗೀಸರ್ ಮೇಲಿನ ಕೆಂಪು ದೀಪ ಆರಿ ಹತ್ತಿ ಆಗುತ್ತಿದ್ದರೆ, ಜೊತೆಗೆ ಒಳಗಿನಿಂದ ಚಟಪಟ ಸದ್ದು ಬರುತ್ತಿದ್ದರೆ ಸುಣ್ಣವೇ ಕಾರಣ ಎಂದು ಅನುಮಾನಿಸಿ. ಸದ್ದಿಲ್ಲದೆ ಹೀಗಾದರೆ ಥರ್ಮೋಸ್ಟ್ಯಾಟ್ ಕೆಟ್ಟಿರಬಹುದು. ಅದರ ಬೆಲೆ ಕಾಯಿಲ್‌ನಷ್ಟು ಇರುವುದಿಲ್ಲ.

ಬಿಚ್ಚಿ ತೊಳೆಯುವುದು

ವಾರಂಟಿ ಇದ್ದರೆ ಕಂಪನಿಯವರನ್ನೇ ಕರೆಸಿ. ವೈರಿಂಗ್ ಕೆಲಸ ಗೊತ್ತಿಲ್ಲದವರು ಎಲೆಕ್ಟ್ರಿಷಿಯನ್‌ಗೆ ಬಿಡಿ, ಪಕ್ಕದಲ್ಲಿ ನಿಂತು ನೋಡಿ.

ಬರೀ ಸ್ವಿಚ್ ಆರಿಸಿದರೆ ಸಾಲದು, ಎಂಸಿಬಿ ಇಳಿಸಬೇಕು, ಪ್ಲಗ್ ಕೀಳಬೇಕು. ನೀರು ಆರಿದ ಮೇಲೆ ವಾಲ್ವ್ ಮುಚ್ಚಿ ಟ್ಯಾಂಕ್ ಖಾಲಿ ಮಾಡಿ. ಕೆಳಗಿನ ಮುಚ್ಚಳ ತೆಗೆದು, ವೈರ್‌ಗಳು ಎಲ್ಲೆಲ್ಲಿವೆ ಅಂತ ಫೋಟೊ ತೆಗೆದುಕೊಂಡು, ಬೋಲ್ಟ್ ಬಿಚ್ಚಿ ಕಾಯಿಲ್ ಹೊರಗೆಳೆಯಿರಿ. ಬಕೆಟ್ ಇಟ್ಟಿರಿ, ಒಂದು ಬೊಗಸೆಗಿಂತ ಜಾಸ್ತಿಯೇ ಸುಣ್ಣದ ಚಕ್ಕೆ ಬೀಳಬಹುದು.

ಒಂದು ಲೀಟರ್ ಬೆಚ್ಚಗಿನ ನೀರಿಗೆ 50 ಗ್ರಾಂನಷ್ಟು ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ ಅದರಲ್ಲಿ ಕಾಯಿಲ್ ನೆನೆಹಾಕಿ. ವೈರ್ ಕೂಡುವ ತುದಿ ಒದ್ದೆಯಾಗಬಾರದು. ನೊರೆ ನೊರೆಯಾಗಿ ಗುಳ್ಳೆ ಏಳುತ್ತದೆ. ಗುಳ್ಳೆ ನಿಂತ ಮೇಲೆ ಮರದ ಕಡ್ಡಿಯಿಂದ ಕೆರೆದರೆ ಪದರ ಕಳಚುತ್ತದೆ. ಚಾಕು, ಗರಗಸದ ಬ್ಲೇಡ್ ಬೇಡ. ಟಾಯ್ಲೆಟ್ ತೊಳೆಯುವ ಆಸಿಡ್ಡಂತೂ ಬೇಡವೇ ಬೇಡ, ಅದು ಕಾಯಿಲ್‌ನ ಲೋಹವನ್ನೇ ತಿನ್ನುತ್ತದೆ. ಪಕ್ಕದಲ್ಲಿರುವ ಮೆಗ್ನೀಸಿಯಂ ರಾಡ್ ಸವೆದು ಒಳಗಿನ ಕಂಬಿ ಕಾಣುತ್ತಿದ್ದರೆ ಹೊಸದು ಹಾಕಿ. ಟ್ಯಾಂಕ್ ತುಕ್ಕು ಹಿಡಿಯದಂತೆ ತಡೆಯುವುದು ಅದೇ.

ಮಲ್ಟಿಮೀಟರ್ ಇದ್ದರೆ ಈಗಲೇ ಕಾಯಿಲ್‌ನ ಎರಡು ತುದಿ ಅಳೆಯಿರಿ. 2000 ವ್ಯಾಟ್‌ನದ್ದು ಸುಮಾರು 26 ಓಮ್, 3000ದ್ದು ಸುಮಾರು 17 ಅಥವಾ 18 ಓಮ್ ತೋರಿಸಬೇಕು. ಮೈಯಲ್ಲಿ ಬಿರುಕು, ಉಬ್ಬು ಕಂಡರೆ ಮಾತ್ರ ಓಮ್ ಎಷ್ಟೇ ಬರಲಿ, ಹೊಸ ಕಾಯಿಲ್ಲೇ ಸರಿ.

ಮತ್ತೆ ಕೂಡಿಸುವಾಗ ಹೊಸ ಗ್ಯಾಸ್ಕೆಟ್ ಹಾಕಿ, ಅರ್ಥಿಂಗ್ ವೈರ್ ಗಟ್ಟಿಯಾಗಿ ಬಿಗಿಯಿರಿ. ನೀರು ವಿಪರೀತ ಕಾದರೆ ಕರೆಂಟ್ ಕಡಿಯುವ ಕಟೌಟ್ ಪದೇ ಪದೇ ಬೀಳುತ್ತದೆ ಅಂತ ಅದನ್ನು ತಪ್ಪಿಸಿ ನೇರ ವೈರ್ ಕೊಡುವವರಿದ್ದಾರೆ. ದಯವಿಟ್ಟು ಒಪ್ಪಬೇಡಿ. ಥರ್ಮೋಸ್ಟ್ಯಾಟ್ ಕೈಕೊಟ್ಟ ದಿನ ಟ್ಯಾಂಕ್ ಸಿಡಿಯದಂತೆ ಕಾಯುವುದು ಆ ಕಟೌಟ್ ಮತ್ತು ಪ್ರೆಷರ್ ವಾಲ್ವ್ ಎರಡೇ. ಬಿಸಿನೀರಿನ ನಲ್ಲಿಯಲ್ಲಿ ಗಾಳಿ ಬರುವುದು ನಿಂತು ಒಂದೇ ಸಮನೆ ನೀರು ಬಂದ ಮೇಲಷ್ಟೇ ಸ್ವಿಚ್ ಹಾಕಿ. ಖಾಲಿ ಟ್ಯಾಂಕ್‌ನಲ್ಲಿ ಕಾಯಿಲ್ ಸುಡಲು ನಿಮಿಷಗಳು ಸಾಕು.

ಈಗ ಮತ್ತೊಮ್ಮೆ ಸಮಯ ನೋಡಿ, ದೀಪ ಆರಲು ಎಷ್ಟು ನಿಮಿಷವಾಯಿತು ಅಂತ ತಾರೀಕಿನ ಜೊತೆ ಗೀಸರ್ ಪಕ್ಕದಲ್ಲೇ ಬರೆದಿಡಿ. ಬೋರ್‌ವೆಲ್ ನೀರಿನ ಮನೆಯಾದರೆ ವರ್ಷಕ್ಕೊಮ್ಮೆ ತೊಳೆಸಿ. ಥರ್ಮೋಸ್ಟ್ಯಾಟ್ ತಿರುಗಿಸುವ ಗುಂಡಿ ಇದ್ದರೆ 60 ಡಿಗ್ರಿ ದಾಟಿಸಬೇಡಿ. ನೀರು ಅದಕ್ಕಿಂತ ಬಿಸಿಯಾದಷ್ಟೂ ಸುಣ್ಣ ಬೇಗ ಕೂರುತ್ತದೆ.