ಖಂಡಗಳು ಸರಿಯುತ್ತಿವೆಯಾ? ನೀವೇ ಲೆಕ್ಕ ಹಾಕಿ ನೋಡಿ

ಆಫ್ರಿಕಾಕ್ಕೂ ದಕ್ಷಿಣ ಅಮೆರಿಕಕ್ಕೂ ಅಂಚು ಹೊಂದುತ್ತದೆ ಅಂತ ತೋರಿಸಿದರೆ ಎಲ್ಲರೂ ತಲೆಯಾಡಿಸುತ್ತಾರೆ. ನನಗೆ ಅಷ್ಟು ಸಾಲದು. ಮಕ್ಕಳಿಗೆ ಭೂಗೋಳ ಹೇಳಿಕೊಡುವಾಗ ನಾನು ಕೇಳುವುದು ಒಂದೇ ಪ್ರಶ್ನೆ: ವರ್ಷಕ್ಕೆ ಎಷ್ಟು ಸೆಂಟಿಮೀಟರ್? ಆ ಸಂಖ್ಯೆಯನ್ನು ಒಂದಕ್ಕೊಂದು ಸಂಬಂಧವಿಲ್ಲದ ಎರಡು ದಾರಿಯಲ್ಲಿ ತೆಗೆಯಬೇಕು. ಎರಡೂ ಹತ್ತಿರ ಬಂದರೆ ಆಗ ನಂಬೋಣ. ಇದಕ್ಕೆ ಒಂದು ಗ್ಲೋಬ್, ಟ್ರೇಸಿಂಗ್ ಹಾಳೆ, ಕತ್ತರಿ, ಕ್ಯಾಲ್ಕುಲೇಟರ್ ಮತ್ತು ಇಂಟರ್ನೆಟ್ ಇದ್ದರೆ ಸಾಕು.

ಮೊದಲು ಆಕಾರ. ಗೋಡೆಯ ನಕ್ಷೆ ಬೇಡ, ಅದರಲ್ಲಿ ಆಕಾರ ಎಳೆದಂತಾಗಿರುತ್ತದೆ. ಗ್ಲೋಬ್ ಮೇಲೆ ಹಾಳೆ ಒತ್ತಿ ಹಿಡಿದು ಎರಡೂ ಖಂಡಗಳನ್ನು ಬರೆದುಕೊಳ್ಳಿ. ಆದರೆ ಕರಾವಳಿಯ ಗೆರೆ ಹಿಡಿಯಬೇಡಿ. ಸಮುದ್ರದ ಮಟ್ಟ ಏರಿ ಇಳಿದಂತೆ ಆ ಗೆರೆ ಬದಲಾಗುತ್ತದೆ. ಖಂಡ ನಿಜವಾಗಿ ಮುಗಿಯುವುದು ನೀರಿನ ಕೆಳಗೆ, ತಿಳಿ ನೀಲಿ ಪಟ್ಟಿ ಕಡು ನೀಲಿಗೆ ತಿರುಗುವ ಜಾಗದ ಆಸುಪಾಸಿನಲ್ಲಿ. 1965ರಲ್ಲಿ ಬ್ರಿಟಿಷ್ ಭೂಭೌತವಿಜ್ಞಾನಿ ಎಡ್ವರ್ಡ್ ಬುಲ್ಲಾರ್ಡ್ ಮತ್ತು ಸಂಗಡಿಗರು ಸುಮಾರು 900 ಮೀಟರ್ ಆಳದ ಗೆರೆ ತೆಗೆದುಕೊಂಡು ಕಂಪ್ಯೂಟರಿನಲ್ಲಿ ಜೋಡಿಸಿದಾಗ ಎರಡೂ ಚೆನ್ನಾಗಿ ಕೂಡಿದವು. ನೈಜರ್ ನದಿಯ ಮುಖಜಭೂಮಿಯ ಹತ್ತಿರ ನಿಮ್ಮ ಕಾಗದ ಒಂದರ ಮೇಲೊಂದು ಬಂದರೆ ಗಾಬರಿ ಬೇಡ. ಖಂಡಗಳು ಬೇರೆಯಾದ ಮೇಲೆ ನದಿ ತಂದು ಹಾಕಿದ ಮಣ್ಣು ಅದು.

ಕೂಡಿಸಿದ ಕಾಗದದ ಮೇಲೆ ಈಗ ಪಳೆಯುಳಿಕೆ ಗುರುತು ಹಾಕಿ. ಮೆಸೊಸಾರಸ್ ಸುಮಾರು ಒಂದು ಮೀಟರ್ ಉದ್ದದ ಸರೀಸೃಪ. ಅದರ ಎಲುಬು ಸಿಗುವುದು ಆಫ್ರಿಕಾದ ದಕ್ಷಿಣದಲ್ಲಿ ಮತ್ತು ಬ್ರೆಜಿಲ್, ಉರುಗ್ವೆ ಕಡೆ ಮಾತ್ರ. ಅಷ್ಟು ಸಣ್ಣ ಪ್ರಾಣಿ ಅಟ್ಲಾಂಟಿಕ್ ಸಾಗರವನ್ನು ಈಜಿ ದಾಟಲಿಕ್ಕೆ ಆಗುತ್ತಾ? ಗ್ಲಾಸಾಪ್ಟೆರಿಸ್ ಅನ್ನೋ ಗಿಡದ ಎಲೆಯಚ್ಚು ಭಾರತ, ಆಫ್ರಿಕಾ, ದಕ್ಷಿಣ ಅಮೆರಿಕ, ಆಸ್ಟ್ರೇಲಿಯಾ, ಅಂಟಾರ್ಕ್ಟಿಕಾ ಎಲ್ಲ ಕಡೆ ಇದೆ. 1912ರಲ್ಲಿ ದಕ್ಷಿಣ ಧ್ರುವದಿಂದ ಹಿಂತಿರುಗುವಾಗ ಸತ್ತ ಸ್ಕಾಟ್ ತಂಡದ ಹತ್ತಿರ ಸುಮಾರು 16 ಕಿಲೋ ಕಲ್ಲು ಸಿಕ್ಕಿತು. ಅದರಲ್ಲೂ ಈ ಎಲೆ ಇತ್ತು. ಅಂಥ ಸ್ಥಿತಿಯಲ್ಲೂ ಅವರು ಆ ಕಲ್ಲು ಬಿಸಾಡಿರಲಿಲ್ಲ ಅನ್ನೋದು ನನ್ನನ್ನು ಈಗಲೂ ತಟ್ಟುತ್ತದೆ.

ಅದೇ ವರ್ಷ ಜರ್ಮನಿಯ ವಿಜ್ಞಾನಿ ಆಲ್ಫ್ರೆಡ್ ವೆಗೆನರ್ ಖಂಡಗಳು ಚಲಿಸುತ್ತವೆ ಅಂತ ಮಂಡಿಸಿದ. ಹರಿದ ಪತ್ರಿಕೆಯ ಚೂರು ಜೋಡಿಸಿದಾಗ ಅಂಚು ಮಾತ್ರವಲ್ಲ, ಅಚ್ಚಾದ ಸಾಲುಗಳೂ ಕೂಡಬೇಕು ಅನ್ನೋದು ಅವನ ವಾದ. ಆದರೆ ಖಂಡಗಳನ್ನು ಸರಿಸುವ ಶಕ್ತಿ ಯಾವುದು ಅಂತ ಸರಿಯಾಗಿ ಹೇಳಲಿಕ್ಕೆ ಅವನಿಗೆ ಆಗಲಿಲ್ಲ. 1930ರಲ್ಲಿ ಗ್ರೀನ್‌ಲ್ಯಾಂಡಿನ ಹಿಮದಲ್ಲಿ ತೀರಿಕೊಂಡ. ಹೆಚ್ಚಿನ ವಿಜ್ಞಾನಿಗಳು ಒಪ್ಪಿದ್ದು 1960ರ ದಶಕದಲ್ಲಿ, ಸಾಗರತಳದ ಅಳತೆಗಳು ಬಂದ ಮೇಲೆ.

ಈಗ ಲೆಕ್ಕ. ಇಲ್ಲಿ ನಿಧಾನವಾಗಿ ಹೋಗಿ. ಭೂಮಿಯ ಹೊರಪದರ ದೊಡ್ಡ ದೊಡ್ಡ ತುಂಡುಗಳಾಗಿದೆ, ಅವಕ್ಕೆ ಫಲಕ ಅನ್ನುತ್ತಾರೆ. ಖಂಡಗಳು ಸರಿಯುವುದು ಈ ಫಲಕಗಳ ಜೊತೆಗೇ. ನಾವು ಅಳೆಯುವುದು ಪೆಸಿಫಿಕ್ ಸಾಗರದ ಫಲಕವನ್ನು.

ಹವಾಯಿ ದ್ವೀಪಗಳು ಒಂದು ಸಾಲಾಗಿವೆ. ಆಗ್ನೇಯ ತುದಿಯಲ್ಲಿ ಕಿಲವೇಯ ಜ್ವಾಲಾಮುಖಿ ಇನ್ನೂ ಉರಿಯುತ್ತಿದೆ. ವಾಯವ್ಯಕ್ಕೆ ಹೋದಂತೆ ದ್ವೀಪಗಳಿಗೆ ವಯಸ್ಸು ಜಾಸ್ತಿ. ಕೆಳಗೆ ಆಳದಿಂದ ಲಾವಾ ಉಕ್ಕಿಸುವ ಬಿಸಿ ಜಾಗ ಹೆಚ್ಚು ಕಡಿಮೆ ಅಲ್ಲೇ ಇದೆ, ಮೇಲಿನ ಫಲಕ ಸರಿಯುತ್ತಿದೆ. ಕಂಪ್ಯೂಟರ್ ನಕ್ಷೆಯಲ್ಲಿ ಅಳೆದರೆ ಕಿಲವೇಯದಿಂದ ಅದೇ ಸಾಲಿನ ಕವಾಯ್ ದ್ವೀಪ ಸುಮಾರು 520 ಕಿ.ಮೀ., ಮಿಡ್‌ವೇ ದ್ವೀಪ ಸುಮಾರು 2,430 ಕಿ.ಮೀ. ಕವಾಯ್ ಕಲ್ಲಿನ ವಯಸ್ಸು ಸುಮಾರು 51 ಲಕ್ಷ ವರ್ಷ, ಮಿಡ್‌ವೇಯದು ಸುಮಾರು 2 ಕೋಟಿ 77 ಲಕ್ಷ. ಒಂದು ಸುಲಭದ ಸೂತ್ರ ನೆನಪಿಡಿ: ಹತ್ತು ಲಕ್ಷ ವರ್ಷಕ್ಕೆ ಒಂದು ಕಿ.ಮೀ. ಅಂದರೆ ವರ್ಷಕ್ಕೆ ಒಂದು ಮಿ.ಮೀ. 2 ಕೋಟಿ 77 ಲಕ್ಷ ಅಂದರೆ 27.7 ಹತ್ತು ಲಕ್ಷ. ಹಾಗಾದರೆ ಮಿಡ್‌ವೇಗೆ 2,430 ಭಾಗಿಸು 27.7. ವರ್ಷಕ್ಕೆ ಸುಮಾರು 88 ಮಿ.ಮೀ. ಬರುತ್ತದೆ. ಕವಾಯ್‌ಗೆ ಸುಮಾರು 102.

ಎರಡನೇ ದಾರಿ ಜಿಪಿಎಸ್. ಅಮೆರಿಕದ ನೆವಾಡ ಜಿಯೊಡೆಟಿಕ್ ಲ್ಯಾಬೊರೇಟರಿ ಜಗತ್ತಿನ ಸಾವಿರಾರು ಕೇಂದ್ರಗಳ ಅಳತೆಯನ್ನು ಉಚಿತವಾಗಿ ಕೊಡುತ್ತದೆ. ಅದರಲ್ಲಿ ಹವಾಯಿಯ ಮೌನಾ ಕೇಯ ಬೆಟ್ಟದ ಎಂಕೆಇಎ (MKEA) ಕೇಂದ್ರ ತೆರೆಯಿರಿ. ಒಂದು ಎಚ್ಚರಿಕೆ: ಒಂದೇ ಕೇಂದ್ರಕ್ಕೆ ಎರಡು ಥರದ ಗ್ರಾಫ್ ಇರುತ್ತವೆ. ಫಲಕವನ್ನೇ ನಿಂತಿದೆ ಅಂತ ಇಟ್ಟುಕೊಂಡ ಗ್ರಾಫ್ ನೋಡಿದರೆ ಗೆರೆ ಹೆಚ್ಚು ಕಡಿಮೆ ಮಟ್ಟಸವಾಗಿ ಕಾಣುತ್ತದೆ, ಏನೂ ಸರಿಯುತ್ತಿಲ್ಲ ಅನ್ನಿಸುತ್ತದೆ. ನಿಮಗೆ ಬೇಕಾದದ್ದು ಇಡೀ ಭೂಮಿಗೆ ಹೋಲಿಸಿದ ಗ್ರಾಫ್, ಅದರ ಹೆಸರಿನಲ್ಲಿ ಐಜಿಎಸ್ (IGS) ಅಂತ ಇರುತ್ತದೆ. ಅದರಲ್ಲಿ ವರ್ಷಕ್ಕೆ ಉತ್ತರಕ್ಕೆ ಸುಮಾರು 34 ಮಿ.ಮೀ., ಪಶ್ಚಿಮಕ್ಕೆ ಸುಮಾರು 63 ಮಿ.ಮೀ. ಪೈಥಾಗೊರಸ್ ಸೂತ್ರ ಹಾಕಿ: ಸುಮಾರು 72.

ಕಲ್ಲು 88 ಅಂದಿತು, ಉಪಗ್ರಹ 72. ವ್ಯತ್ಯಾಸ ಇದೆ, ಮುಚ್ಚಿಡಬಾರದು. ಒಂದು ಕೋಟ್ಯಂತರ ವರ್ಷದ ಸರಾಸರಿ, ಇನ್ನೊಂದು ಈಚಿನ ಕೆಲವೇ ವರ್ಷಗಳ ಅಳತೆ. ಬಿಸಿ ಜಾಗವೂ ಪೂರ್ತಿ ಸ್ಥಿರವಲ್ಲ. ಹಾಗಿದ್ದೂ ಎರಡು ಬಂದ ದಾರಿ ನೋಡಿ: ಒಂದು ಲಾವಾದೊಳಗಿನ ವಿಕಿರಣದ ಗಡಿಯಾರ (ಕಲ್ಲಿನ ವಯಸ್ಸು ತಿಳಿಯುವುದು ಅದರಿಂದಲೇ), ಇನ್ನೊಂದು ಉಪಗ್ರಹದ ರೇಡಿಯೊ ಅಲೆ. ದಿಕ್ಕೂ ಒಂದೇ, ವಾಯವ್ಯ. ಇಷ್ಟು ಹತ್ತಿರ ಸುಮ್ನೆ ಬರುತ್ತವಾ?

ಇಷ್ಟು ಸರಿದ ಫಲಕ ಕೊನೆಗೆ ಹೋಗುವುದೆಲ್ಲಿಗೆ ಅನ್ನೋದನ್ನೂ ನೋಡಬಹುದು. ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣೆಯ ಭೂಕಂಪ ಪಟ್ಟಿಯಲ್ಲಿ ಉತ್ತರ ಅಕ್ಷಾಂಶ 38ರಿಂದ 42, ಪೂರ್ವ ರೇಖಾಂಶ 128ರಿಂದ 146 ಅಂತ ಕೊಡಿ. ತೀವ್ರತೆ 4.5ಕ್ಕಿಂತ ಮೇಲೆ, ಇಪ್ಪತ್ತು ವರ್ಷದ್ದು. ಅಡ್ಡಕ್ಕೆ ರೇಖಾಂಶ, ಕೆಳಮುಖವಾಗಿ ಆಳ ಇಟ್ಟು ಚುಕ್ಕಿ ಹಾಕಿ. ಜಪಾನ್ ಕಂದಕದ ಹತ್ತಿರ ಚುಕ್ಕಿಗಳು ಮೇಲೆಯೇ ಇರುತ್ತವೆ. ಅಲ್ಲಿ 2011ರ ದೊಡ್ಡ ಜಪಾನ್ ಭೂಕಂಪದ ಸಮಯದ ಕಂಪನಗಳು ತುಂಬಾ ದಟ್ಟ. ಪಶ್ಚಿಮಕ್ಕೆ ಹೋದಂತೆ ಚುಕ್ಕಿಗಳು ಓರೆಯಾಗಿ ಇಳಿದು, ಏಷ್ಯಾದ ಅಂಚಿನ ಕೆಳಗೆ 500 ಕಿ.ಮೀ. ದಾಟುತ್ತವೆ. ಫಲಕ ಮುಳುಗುತ್ತಿರುವ ದಾರಿ ಅದು. 10 ಮತ್ತು 33 ಕಿ.ಮೀ. ಆಳದಲ್ಲಿ ನೇರ ಅಡ್ಡಗೆರೆ ಕಂಡರೆ ಅದಕ್ಕೆ ಅರ್ಥ ಹುಡುಕಬೇಡಿ. ಆಳ ಸರಿಯಾಗಿ ಸಿಗದಿದ್ದಾಗ ಪಟ್ಟಿಯಲ್ಲಿ ತುಂಬುವ ಸಂಖ್ಯೆಗಳು ಅವು. ಅವನ್ನು ತೆಗೆದು ಮತ್ತೆ ಚುಕ್ಕಿ ಹಾಕಿದರೆ ಓರೆ ಗೆರೆ ಇನ್ನೂ ಸ್ಪಷ್ಟವಾಗುತ್ತದೆ.